ಇಬ್ಬರ ಅಳತಿ

ಇಪ್ಪತ್ತೆರಡು ವರ್ಷ ಇಂವ ಉಪ್ಪು ಹಾಕಿದ್ದು ಬೊಗಸಿಯಿಂದ.
ಪಲ್ಟಣದ ಅಡಿಗಿಯವ. ಇನ್ನೂರು ತಾಟು, ಎರಡು ಹೊತ್ತು,
ಮಂಜಿನ ಗುಡ್ಡ, ಉಸುಕಿನ ಗಡಿ, ಎಲ್ಲಿ ಒಯ್ದರ ಅಲ್ಲಿ.
ಆ ಸಾಲಿನ್ಯಾಗ ತಾಟು ಹಿಡದು ನಿಲ್ಲಲಾರದಾಕಿ ಒಬ್ಬಾಕಿ.
ಅಕಿ ನಾನು.

ಸೂಟಿಗೆ ಬಂದಾಗ ಅಡಿಗಿಮನಿ ಹೊಸ್ತಿಲಾ ತುಳೀತಿದ್ದಿಲ್ಲ.
'ಸೂಟಿ ಅಂದ್ರ ಸೂಟಿ' ಅಂತಿದ್ದ.
ನಾನೂ ಸುಮ್ಮ ರೊಟ್ಟಿ ಬಡೀತಿದ್ದೆ.

ಇವತ್ತು ಸಂಜಿಮುಂದ ಸೈಕಲ್ಲಿನ ಮ್ಯಾಲ ಒಂದು ಖೋಕಾ ಸೇಬು.
ಗಣಪತ ಗಲ್ಲಿಯ ದಸ್ತಗೀರ ಕೊಟ್ಟದ್ದಂತ:
'ಪೆಟ್ಟು ತಿಂದ ಸಫರಚಂದ ಮಾಮಾ, ಯಾರೂ ಒಯ್ಯಂಗಿಲ್ಲ,
ರೊಕ್ಕ ಬ್ಯಾಡ, ಖೋಕಾ ಅಷ್ಟ ತಿರಗಿ ಕೊಡ್ರಿ.'
ಕೆಳಗ ಹುಲ್ಲು. ಹುಲ್ಲಿನ್ಯಾಗ ಯಾವ ಊರಿಂದೋ ಥಂಡಿ.
ಮೂಸಿದೆ. ನಮ್ಮ ಭತ್ತದ ಹುಲ್ಲಿನ ವಾಸನಿ ಅಲ್ಲ ಅದು.

ಹೊರಗ ಕಂಗ್ರಾಳಿಯ ಗದ್ದಿ ಕೊಯ್ದು ಬೋಳಾಗ್ಯಾವು.
ಸೀಗಿ ಹುಣ್ಣಿವಿ ದಾಟಿದ್ದ ತಡ,
ಗಾಳಿ ಕಿಂವಿ ಹಿಡದು ತಿರವತೈತಿ.

'ಇವತ್ತ ನೀ ಕುಂಡ್ರು' ಅಂದ. ಕುಂತೆ.
ಕುಂತು ಅಡಿಗಿ ನೋಡೂದು ನನಗ ರೂಢಿಲ್ಲ,
ಎರಡೂ ಕೈ ಎಲ್ಲಿ ಇಡಬೇಕು ತಿಳೀವಲ್ದು.

ಕೊಳೆತದ್ದು ಹೆರದು, ಉಳಿದದ್ದು ಒರಳಿನ್ಯಾಗ ಜಜ್ಜಿ,
ನನ್ನ ಹಳೇ ಇಳಕಲ್ಲ ಸೀರಿ ಸೆರಗಿನ್ಯಾಗ ಕಟ್ಟಿ ಹಿಂಡಿದ.
ಕೇಳಲೇ ಇಲ್ಲ! ಹರದದ್ದು ಖರೆ, ಆದ್ರೂ ಸೆರಗು.
ತಂಬಿಗಿ ತುಂಬ ರಸ ಬಂತು, ಬೆಲ್ಲದ ನೀರಿನ ಬಣ್ಣ.

ಗುಡ್ಡದ ಊರಾಗ ಒಬ್ಬ ಮುದುಕಿ ಕಲಿಸಿದ್ದಂತ.
ಅಕಿ ಭಾಷಾ ಇವಗಿಲ್ಲ, ಇವನದು ಅಕಿಗಿಲ್ಲ.
ಒಲಿ ಬಾಜೂಕ ಗಡಿಗಿ, ಗಡಿಗ್ಯಾಗ ಮೂರು ದಿನದ ರಸ,
ಹುಳಿ ಹತ್ತಿ ಬುಸುಬುಸು ಅಂತಿತ್ತಂತ.
'ಕುಡದ್ರೇನ?' ಅಂದೆ.
'ಕೋಳಿಗೆ ಕುಡಿಸಿದೆ' ಅಂದ.

ಕೋಳಿ ನಮ್ಮದ, ಜವಾರಿ. ಎಣ್ಣಿಯಾಗ ಕೆಂಪಾಗೂತನಕ
ಗದ್ದಲ ಮಾಡಬ್ಯಾಡ ಅಂದ, ನನಗ.
ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೆಣಸು, ದಾಲ್ಚಿನ್ನಿಯ ಚೂರು,
ಮ್ಯಾಲ ರಸ ಸುರುವಿದ ಕೂಡಲೆ
ಬೋಗಾಣಿ ಮನಿತುಂಬ ಉಸಿರು ಬಿಟ್ಟಿತು.

ಅಲ್ಲಿಂದ ಸುರುವಾತು ನೋಡ್ರಿ.
ಕೈಯಾಗ ಉಪ್ಪಿನ ಭರಣಿ, ಕಣ್ಣಾಗ ಗಾಬರಿ.
'ಇನ್ನೂರಕ್ಕ ಎರಡು ಕಿಲೋ. ಹಂಗಾರ ಇಬ್ಬರಿಗೆ?'
ಭಾಗಾಕಾರಕ್ಕ ತುಟಿ ಅಲಗಾಕತ್ತಿದ್ದವು.
'ಇಪ್ಪತ್ತು ಗ್ರಾಂ! ಇಪ್ಪತ್ತು ಗ್ರಾಂ ಅಂದ್ರ
ನೋಡಾಕ ಎಷ್ಟ ಇರತೈತಿ?'
ಇಷ್ಟು ಸಣ್ಣ ಅಳತಿ ಇವಗ ಯಾರೂ ಕಲಿಸಿಲ್ಲ.

ಎದ್ದು ಹೋಗಿ ಅಂಗೈ ತಗೊಂಡೆ.
ಬಿಸಿ ಹಂಡೆ ಹಿಡದು ಹಿಡದು ಗೆರಿ ಅಳಿಸಿದ ಅಂಗೈ.
ನಡುವಿನ ಕುಣಿಯಾಗ ಒಂದು ಚಿಟಿಕಿ, ಇನ್ನೊಂದು,
ಮತ್ತ ಒಂದೆರಡು. 'ಇಷ್ಟ' ಅಂದೆ.
'ಇಷ್ಟನಾ?'
ಭಾಳ ಹೊತ್ತು ಅದನ್ನ ನೋಡಕೋತ ನಿಂತ.
ಒಲಿ ಮ್ಯಾಲ ರಸ ಅರ್ಧಾ ಇಂಗಿತು.

ಮೊದಲ ಸಿಹಿ, ಆಮ್ಯಾಲ ಹುಳಿ, ಕಡೀಕ ಗಂಟಲಾಗ ಮೆಣಸು.
ರೊಟ್ಟಿಗೆ ಹೊಂದಲಿಲ್ಲ, ಸುಳ್ಳ್ಯಾಕ ಹೇಳಲಿ,
ಹೊಸ ಅಕ್ಕಿ ಅನ್ನಕ್ಕ ಹೊಂದಿತು.
ಬೆರಳು ನೆಕ್ಕಿ ತಲಿ ಎತ್ತಿದ್ರ ಇಂವ ಇನ್ನೂ ನಿಂತ ಇದ್ದ,
ಸೌಟು ಹಿಡದು, ನನ್ನ ಹೆಗಲಿನ ಆಚಿ ನೋಡಕೋತ,
ಹಿಂದ ಇನ್ನೂ ಮಂದಿ ಬರೂರದಾರ ಅನ್ನೂಹಂಗ.

'ಮುಂದಿನವರು ಯಾರೂ ಇಲ್ಲ' ಅಂದೆ. 'ಕುಂಡ್ರು.'
ಇಷ್ಟು ವರ್ಷ ಮನಸಿನ್ಯಾಗ ಇದ್ದ ಏಕವಚನ
ಬಾಯಿಗೆ ಬಂದುಬಿಟ್ಟಿತ್ತು.
ಇಂವ ಕುಂತ.

ಖೋಕಾ ನಾಳೆ ದಸ್ತಗೀರಗ ಮುಟ್ಟಸಬೇಕು.
ಹುಲ್ಲು ನಾ ತಗದು ಗೂಡಿಗೆ ಹಾಕೇನಿ.
ಉಳಿದ ಎರಡು ಕೋಳಿ
ಅದರ ಮ್ಯಾಲ ಬೆಚ್ಚಗ ಕುಂತಾವು.