ಮರದ ಎರಡೂ ಕಡೆ

ಟ್ರೊಮ್ಸೊದಲ್ಲಿ ನವೆಂಬರಿಗೆ ಮುಳುಗಿದ ಸೂರ್ಯ
ಮತ್ತೆ ಕೆಲಸಕ್ಕೆ ಬರುವುದು ಜನವರಿಗೆ.
ಪ್ರಯೋಗಾಲಯದ ಟ್ಯೂಬ್‌ಲೈಟಿಗೆ ಆ ರಜೆಯಿಲ್ಲ, ನನಗೂ.
ತೊಂಬತ್ತಾರು ಗುಳಿಗಳ ತಟ್ಟೆ ಮುಂದಿಟ್ಟುಕೊಂಡು
ಅಳಗುಳಿಮಣೆ ಆಡುವವಳಂತೆ
ಗುಳಿಗೊಂದು ಹನಿ ಬಿತ್ತುತ್ತ ಹೋಗುತ್ತೇನೆ.

ಕಿಟ್ ಮಾಡಿದ್ದು ದನಗಳಿಗೆಂದು.
ಡಬ್ಬಿಯ ಮೇಲೆ ಕಪ್ಪುಬಿಳುಪು ಹಸು,
ಹುಲ್ಲು ಬಿಟ್ಟು ಬೇರೇನೂ ಕಂಡಿರದ ಮುಖ.
ನಾನು ಹಾಕುತ್ತಿರುವುದು ಹಿಮಸಾರಂಗದ ರಕ್ತ,
ಕೆಂಪೆಲ್ಲ ತಳಕ್ಕಿಳಿದ ಮೇಲೆ ನಿಂತ ತಿಳಿ.
ಒಬ್ಬರ ಮೈಗೆ ಹೊಲಿದ ಅಂಗಿ
ಇನ್ನೊಬ್ಬರಿಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ,
ಅದನ್ನು ಹೇಳುವುದಕ್ಕೇ ನನಗೆ ಸಂಬಳ.

ಆದರೆ ಕೋಲನ್ನು ಅಳೆಯಲು ಇನ್ನೊಂದು ಕೋಲು ಬೇಕಲ್ಲ.
ಖಂಡಿತ ಸೋಂಕು ತಗುಲಿದವು ಇಷ್ಟು,
ಖಂಡಿತ ತಗುಲದವು ಇಷ್ಟು.
ಈ 'ಖಂಡಿತ'ವನ್ನು ಎಲ್ಲಿಂದ ಕಡ ತರಲಿ?
ಕರಾಸ್‌ಯೋಕ್‌ಗೆ ಹೋದೆ, ಸೋದರಮಾವ ಮಾಹ್ತೆಯ ಬಳಿ.

ಹಿಂದಿನ ಚಳಿಗಾಲ ಹಿಮದ ಮೇಲೆ ಮಳೆ ಸುರಿದು
ರಾತ್ರಿಗೆ ಹೆಪ್ಪುಗಟ್ಟಿತ್ತು.
ಗಾಜಿನಡಿ ಸಿಕ್ಕಿಬಿದ್ದ ಕಲ್ಲುಹೂ
ಗೊರಸಿಗೆ ಎಟುಕಲಿಲ್ಲ.
ಬೇಲಿಯೊಳಗೆ ಕೂಡಿ ಹಿಂಡಿ ಹಾಕಿದರು.
ಒತ್ತೊತ್ತಿಗೆ ನಿಂತ ಕರುಗಳ ಕಣ್ಣಲ್ಲಿ ಮೊದಲು ನೀರು,
ಆಮೇಲೆ ಹಾಲು.

ಮಾವ ಕೊಂಬು ಹಿಡಿದ, ನಾನು ಕತ್ತಿನಿಂದ ರಕ್ತ ತೆಗೆದೆ.
ಕಿವಿಯ ಕಚ್ಚು ಮುಟ್ಟಿ ಹೇಳುತ್ತಿದ್ದ:
ಇದು ರಿಸ್ತೆನ್‌ಳದು, ಇದು ತೀರಿಕೊಂಡ ನಿಲ್ಲಾಸನದು.
ನಾನು ಕೊಳವೆಗೆ ಬಾರ್‌ಕೋಡ್ ಅಂಟಿಸುತ್ತಿದ್ದೆ.
ಇಬ್ಬರೂ ಓದು ಬಲ್ಲವರೇ.

'ಹಿಂಡಿನ ಒಟ್ಟು ಸಂಖ್ಯೆ?' ನಮೂನೆ ನೋಡಿ ಕೇಳಿದೆ.
ನಿನ್ನ ಬ್ಯಾಂಕಿನ ಪುಸ್ತಕ ತೋರಿಸು ಎಂದವಳನ್ನು
ನೋಡುವ ಹಾಗೆ ನೋಡಿದ.
'ನಿನ್ನಮ್ಮ ಇದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದಳು.
ಮರದ ಎರಡೂ ಕಡೆ ಇವೆ, ಬರಕೋ.'
ಬರೆದುಕೊಂಡೆ.
ಆ ಕಾಲಂ ಅಂಕಿಗಳನ್ನು ಮಾತ್ರ ಒಪ್ಪುತ್ತದೆ
ಎಂದು ಮೇಲಧಿಕಾರಿ ಸಿಗ್ಫ್ರಿಡ್ ವಾಪಸು ಕಳಿಸಿದಳು.

ಈ ಪರೀಕ್ಷೆಯ ನಡೆ ಸ್ವಲ್ಪ ತಿರುವುಮುರುವು:
ಹಳದಿ ಏರಿದರೆ ಮೈಗೆ ರೋಗದ ನೆನಪಿಲ್ಲ.
ಬಣ್ಣವನ್ನು ಏರಗೊಡದೆ
ಬಾಗಿಲಿಗೆ ಅಡ್ಡ ಕುಳಿತದ್ದೇ ಪ್ರತಿಕಾಯ.

ಅರವತ್ತೊಂದನೇ ಕರು, ಎರಡೂ ಕಣ್ಣು ಹೋದದ್ದು:
ಹಳದಿ. ಇನ್ನೊಮ್ಮೆ ಮಾಡಿದೆ, ಹಳದಿ.
ಬೇರೆ ತಟ್ಟೆ, ಬೇರೆ ದಿನ, ಹೊಸ ಪಿಪೆಟ್, ಅರಿಶಿನದಷ್ಟು ಹಳದಿ.
ಹದಿನಾಲ್ಕನೆಯದು ಹಿಂಡಿನ ಮುಂದಾಳು ಮುದುಕಿ,
ಮೈಲಿಯಾಚೆಯ ತೋಳವನ್ನು ಗುರುತಿಸುವ ಕಣ್ಣಿನವಳು:
ಅವಳ ಗುಳಿ ನೀರಿನಷ್ಟು ತಿಳಿ.

ಫೋನು ಮಾಡಿದೆ. ಮಾವ ಬಹಳ ಹೊತ್ತು ಸುಮ್ಮನಿದ್ದ.
'ಎಂಟು ವರ್ಷದ ಹಿಂದೆ ಲಾರಿಯಲ್ಲಿ ಕರಾವಳಿಗೆ ಒಯ್ದಿದ್ದೆ.
ಒಂದು ವಾರ ಅವಳ ಕಣ್ಣು ಒದ್ದೆಯಿತ್ತು.
ಧೂಳು ಅಂದುಕೊಂಡೆ.'

ಕಣ್ಣಿನ ಹಿಂದಿನ ನರದ ಗಂಟಿನಲ್ಲಿ
ಆ ವೈರಸ್ಸು ಇನ್ನೂ ಮಲಗಿದೆ ಎಂದು ಹೇಳಲೋ ಬೇಡವೋ ಎಂದು
ಹೇಳಿದೆ.
ಅವಳು ಕಷ್ಟಕ್ಕೆ ಸಿಕ್ಕ ದಿನ ಏಳಬಹುದು ಎಂದೂ.

'ಕುರುಡು ಕರು?'
'ಕಣ್ಣು ಹೋದದ್ದು ನಿಜ ಮಾವ. ಆದರೆ ಇದರಿಂದಲ್ಲ ಅನ್ನುತ್ತದೆ ತಟ್ಟೆ.
ಅಥವಾ ತಟ್ಟೆಗೇ ಕಾಣುತ್ತಿಲ್ಲ.'
'ಹಾಗಾದರೆ ನಾನು ಯಾರನ್ನು ಬೈಯಲಿ?'

ಈಗ ಗೆರೆ ಎಳೆಯಬೇಕು.
ಒಂದು ಕೂದಲು ಕೆಳಗೆಳೆದರೆ ನಿರಪರಾಧಿಗಳೂ ಒಳಗೆ,
ಒಂದು ಕೂದಲು ಮೇಲೆಳೆದರೆ ತಪ್ಪಿತಸ್ಥರೂ ಹೊರಗೆ.
ಗೆರೆಯ ಮೇಲೆಯೇ ಕಾಲೂರಿ ನಿಂತವು ಏಳು.
ದಶಮಾಂಶದವರೆಗೆ ಲೆಕ್ಕ ಹಾಕಿ ಎಳೆದೆ.
ಸಿಗ್ಫ್ರಿಡ್ ಚೆನ್ನಾಗಿದೆ ಅಂದಳು.

ಕರು ಈಗ ಮಾವನ ಹಿಮಸ್ಕೂಟರಿನ ಸದ್ದು ಹಿಡಿದು
ಹಿಂದೆಯೇ ನಡೆಯುತ್ತದಂತೆ,
ನಿಲ್ಲಿಸಿದರೆ ತಾನೂ ನಿಲ್ಲುತ್ತದಂತೆ.
ವರದಿಯಲ್ಲಿ ಅರವತ್ತೊಂದರ ಎದುರಿಗೆ
'ಋಣ' ಎಂದು ಬರೆದೆ.
ಯಾರದು, ಯಾರಿಗೆ ಎಂಬುದಕ್ಕೆ
ಕಾಲಂ ಇರಲಿಲ್ಲ.