ಹದಿನಾಲ್ಕು ಮಿಲಿಮೀಟರ್

ಅಳತೆ ಪಟ್ಟಿ ಎಳೆದಾಗೆಲ್ಲ
ನಾನು ಎಣಿಸುವುದು ಕನ್ನಡದಲ್ಲೇ.
ಮೇಲೆ ಎರಡು ಮೀಟರ್ ನಲವತ್ತು,
ನಡುವೆ ಎರಡು ನಲವತ್ತು ಚಿಲ್ಲರೆ,
ಕೆಳಗೆ ಬರುವಷ್ಟರಲ್ಲಿ ಕಂಬ
ಹದಿನಾಲ್ಕು ಮಿಲಿಮೀಟರ್ ಆಚೆ ಸರಿದಿತ್ತು,
ಮದುವೆಮನೆ ಫೋಟೋದಿಂದ ಮೆಲ್ಲಗೆ ಜಾರುವ
ಕಡೇ ಸಾಲಿನ ಮಾವನ ಹಾಗೆ.

ಲೊಟೊಲಿಯಲ್ಲಿ ಎರ್ಮೆಲಿಂದಾ ಬಾಯಿಯ ಹಿತ್ತಲ ಜಗಲಿ.
ಚಿರೆಕಲ್ಲಿನ ಕಂಬ, ಆರು ಕುರ್ಚಿ, ಆರು ಸ್ಟ್ಯಾಂಡು,
ಸಂಜೆ ನಾಲ್ಕರಿಂದ ಏಳರವರೆಗೆ ಪಿಟೀಲಿನ ಪಾಠ.
ಹೋದ ಜೂನಿನಲ್ಲಿ ಪಡುವಣ ಗಾಳಿ
ಒಂದೇ ಏಟಿಗೆ ಹನ್ನೊಂದು ಹಾಳೆ ಸ್ವರಲಿಪಿ
ಬಾವಿಗೆ ಹಾಕಿತಂತೆ.
ಬಿದಿರ ಚಾಪೆ ಕಟ್ಟಿದರೆ ಅದು ಇಡೀ ಪಾಠ
ಕಂಬಕ್ಕೆ ತಲೆ ಚಚ್ಚಿಕೊಳ್ಳುತ್ತಿತ್ತಂತೆ,
ತಾಳವಿಲ್ಲದೆ.
ಅದಕ್ಕೇ ನಾನು. ಅದಕ್ಕೇ ಈ ಎರಡು ಸ್ಯಾಂಪಲ್ಲು.

ಒಂದು, ಹಳಿಯ ಪರದೆ.
ಬಟ್ಟೆಯ ಅಂಚಿಗೆ ಹಲ್ಲು, ಅಲ್ಯುಮಿನಿಯಂ ಹಳಿಯೊಳಗೆ
ಚೀಲದ ಜಿಪ್ಪಿನಂತೆ ಕಚ್ಚಿ ಇಳಿಯುತ್ತದೆ.
ಗಾಳಿ ಗುದ್ದಿದರೆ ಹೊಟ್ಟೆ ಉಬ್ಬಿಸೀತು, ಕೈ ಬಿಡದು.
ಇನ್ನೊಂದು, ತಂತಿಯ ಪರದೆ.
ಎರಡೂ ಬದಿ ಬಿಗಿದ ಉಕ್ಕಿನ ಎಳೆ,
ಅದರ ಗುಂಟ ಇಳಿಯುವ ಬಟ್ಟೆ.
ಅಗ್ಗ. ಕಂಬ ಸೊಟ್ಟಗಿದ್ದರೂ ಗೊಣಗುವುದಿಲ್ಲ.

ಸೇಠ್ ಕಲಿಸಿದ್ದು ಹಳಿಯನ್ನೇ ಹೊಗಳೆಂದು;
ಅದರಲ್ಲಿ ಅವನಿಗೆ ಉಳಿಯುವುದು ಹೆಚ್ಚು.
ಆದರೆ ಹಳಿಗೆ ಕಂಬ ತೂಗುಗುಂಡಿನಷ್ಟು ನೆಟ್ಟಗಿರಬೇಕು,
ಇಲ್ಲವಾದರೆ ಪರದೆ ಅರ್ಧ ಹಾದಿಯಲ್ಲಿ
ಹಟ ಹಿಡಿದ ಕರುವಾಗುತ್ತದೆ.
"ಕಂಬ ವಾಲಿದೆ, ಬಾಯಿ. ತಂತಿಯದೇ ಸಾಕು" ಅಂದೆ
ನನ್ನ ಹರಕು ಕೊಂಕಣಿಯಲ್ಲಿ.

ಆಕೆ ಮಾತಾಡಲಿಲ್ಲ.
ಸ್ಯಾಂಪಲ್ಲಿನ ಚೌಕಟ್ಟನ್ನು ಮಡಿಲಲ್ಲಿಟ್ಟು
ಉಕ್ಕಿನ ತಂತಿಯನ್ನು ಹೆಬ್ಬೆರಳಿಂದ ಮೀಟಿದಳು.
ಕಿವಿ ಹತ್ತಿರ ತಂದು ಇನ್ನೊಮ್ಮೆ.
ಕಡೆಗೆ ಪಿಟೀಲು ತೆಗೆದು ಅದರ ಒಂದು ತಂತಿ ನುಡಿಸಿ
ಎರಡರ ನಡುವೆ ಏನೋ ಹುಡುಕಿದಳು,
ಅಕ್ಕಿಯಲ್ಲಿ ಕಲ್ಲು ಆರಿಸುವವರ ಮುಖ.
"ಗಾಳಿ ಬಂದರೆ ಇದು ಹಾಡುತ್ತದೆ."
"ಹಾಡಲಿ ಬಿಡಿ."
"ಅಪಸ್ವರದಲ್ಲಿ. ಮೂರು ತಿಂಗಳು, ದಿನಾ ಮೂರು ಗಂಟೆ.
ಮಕ್ಕಳು ಅದನ್ನೇ ಸರಿ ಅಂದುಕೊಳ್ಳುತ್ತಾರೆ."

ಹತ್ತು ವರ್ಷದಲ್ಲಿ ಗಿರಾಕಿಗಳು ಕೇಳಿದ್ದು
ಬಣ್ಣ, ಬೆಲೆ, ಗ್ಯಾರಂಟಿ,
ಆಚೆಮನೆಯವರಿಗೆ ಒಳಗಿನದು ಕಾಣುತ್ತದೆಯೇ ಎಂದು.
ಪರದೆಯ ಶ್ರುತಿ ಕೇಳಿದವಳು ಆಕೆಯೊಬ್ಬಳೇ.

ಹಳಿಯೇ ಆಯಿತು. ಬೂದು ಬಣ್ಣ, ಜಾಲರಿ ನೇಯ್ಗೆ.
ವಾಲಿದ ಹದಿನಾಲ್ಕು ಮಿಲಿಮೀಟರಿಗೆ
ಹಲಸಿನ ಚಕ್ಕೆ ಕೆತ್ತಿ, ಕೆಳಗೆ ದಪ್ಪ ಮೇಲೆ ತೆಳು,
ಹಳಿಯ ಬೆನ್ನಿಗೆ ಒತ್ತು ಕೊಟ್ಟೆ.
ಕಂಬವನ್ನು ನೆಟ್ಟಗೆ ಮಾಡುವುದು ನನ್ನ ಕೆಲಸವಲ್ಲ;
ಆಕೆಯ ಅಜ್ಜಿಯ ಕಾಲದಿಂದ ಹಾಗೇ ನಿಂತಿದೆ,
ನಿಲ್ಲಲಿ.

ಮಳೆ ಹಿಡಿದ ಮೂರನೇ ದಿನ ಸ್ಕ್ರೂ ಬಿಗಿಸಲು ಹೋದೆ.
ಪರದೆ ಇಳಿದಿತ್ತು. ಅದರಾಚೆ ತೆಂಗು ಬಾಗಿ ಏಳುತ್ತಿದ್ದವು,
ಈಚೆ ಒಂದು ಹಾಳೆ ಮಿಸುಕಲಿಲ್ಲ.
ಹಾಲುಹಲ್ಲು ಬಿದ್ದ ಹುಡುಗನೊಬ್ಬ ಒಂದೇ ಸಾಲನ್ನು
ಒಂಬತ್ತು ಸಲ ತಪ್ಪಿದ.
ತಪ್ಪು ಈಗ ಸ್ಪಷ್ಟವಾಗಿ ಕೇಳುತ್ತಿತ್ತು.
ಬಾಯಿ ನನ್ನ ಕಡೆ ನೋಡಿ ಹುಬ್ಬು ಕುಣಿಸಿದಳು,
ಕೆಲಸ ಚೆನ್ನಾಗಿದೆ ಎಂಬಂತೆ.

ಬೇಡವಾದ ತಂತಿ ನನ್ನ ಚೀಲದಲ್ಲೇ ಉಳಿಯಿತು.
ಝುವಾರಿನಗರದ ಬಾಡಿಗೆ ಖೋಲಿಯ ಕಿಟಕಿಗೆ
ಅರಿವೆ ಒಣಹಾಕಲು ಬಿಗಿದಿದ್ದೇನೆ.
ರಾತ್ರಿ ಗಾಳಿ ಎದ್ದರೆ ಗುಂಯ್ ಅನ್ನುತ್ತದೆ.
"ಏನ ಸಪ್ಪಳಾ ಅದು?" ಅಂತಾಳೆ ನಿಂಬೆವ್ವ, ಅರೆನಿದ್ದೆಯಲ್ಲಿ.
"ತಂತಿ" ಅಂತೀನಿ. ಅಪಸ್ವರ ಅಂತ ಹೇಳೋದಿಲ್ಲ.
ಕೂಸು ಅದನ್ನು ಕೇಳುತ್ತಲೇ
ನಿದ್ದೆ ಹೋಗೋದು ಕಲಿತಿದೆ.