ಮಾಜಾಳಿ ಗೇಟು

ಕಾರವಾರದಲ್ಲಿ ಔಷಧಿ ಅಂಗಡಿಗೇನು ಬರವಿಲ್ಲ.
ಒಂದರಲ್ಲಿ ಅಪ್ಪನ ಬಿಪಿ ಗುಳಿಗೆಯ ಉದ್ರಿ,
ಇನ್ನೊಂದರ ಗಲ್ಲಾದಲ್ಲಿ ಮನಾಲಿಯ ಮಾವಶಿ,
ಮೂರನೆಯದರ ಎದುರಿಗೇ ನಮ್ಮ ಕಾಲೇಜಿನ ಬಸ್ಸು ನಿಲ್ಲುತ್ತದೆ.
ಅದಕ್ಕೇ, ಇಪ್ಪತ್ತೆರಡು ತುಂಬಿದ ನಾವಿಬ್ಬರು
ಗಡಿ ದಾಟಿ ಕಾಣಕೋಣಕ್ಕೆ ಹೋದೆವು.

ಪಿಯುಸಿಯಲ್ಲಿ ತಳೇಕರ ಮೇಡಂ ಆ ಪಾಠ ಬಂದಾಗ
'ಮನೆಯಲ್ಲೇ ಓದಿಕೊಳ್ಳಿ' ಎಂದು
ನಾಲ್ಕು ಪುಟ ಒಟ್ಟಿಗೆ ಮಗುಚಿದ್ದರು.
ಮನೆಯಲ್ಲಿ ಅಜ್ಜಿ ಇದ್ದಳು, ಟೀವಿ ಇತ್ತು.
ಉಳಿದದ್ದನ್ನು ಹಾಸ್ಟೆಲಿನ ಹುಡುಗಿಯರು ಹೇಳಿದರು,
ಅರ್ಧ ತಪ್ಪು.

ಅಂಗಡಿಯವ ಮುಖ ನೋಡಲಿಲ್ಲ.
ಮರಾಠಿ ಪೇಪರಿನಲ್ಲಿ ಮೂರು ಸುತ್ತು, ಮೇಲೊಂದು ರಬ್ಬರು.
ನಮ್ಮಲ್ಲಿ ಬಂಗಡೆಗೂ ಇಷ್ಟು ಮರ್ಯಾದೆಯಿಲ್ಲ,
ನೀರು ತೊಟ್ಟಿಕ್ಕುತ್ತಲೇ ಮನೆ ಸೇರುತ್ತದೆ.
ದುಡ್ಡು ನಾನೇ ಕೊಟ್ಟೆ. ಸಂಕೇತ
ಹೊರಗೆ ಸ್ಕೂಟಿಯ ಕನ್ನಡಿ ಒರೆಸುತ್ತಿದ್ದ.
'ನನ್ನ ಮೇಲೆ ನಂಬಿಕೆ ಇಲ್ವಾ?' ಅಂದ, ಮೂರನೇ ಸಲ.

ವಾಪಸು ಬರುವಾಗ ಮಾಜಾಳಿ ಗೇಟಿನಲ್ಲಿ ಪೊಲೀಸ:
'ಬಾಟಲಿ ಎಷ್ಟು?'
ಡಿಕ್ಕಿ ತೆಗೆಸಿದ, ಪೊಟ್ಟಣ ಬಿಚ್ಚಿದ.
ನನ್ನ ಕಿವಿ ಕಾದ ಕಾವಲಿ.
ಅಪ್ಪನ ವಯಸ್ಸಿನವ. ಒಂದು ಗಳಿಗೆ ನೋಡಿ
ಅಂಗಡಿಯವನಿಗಿಂತ ಅಚ್ಚುಕಟ್ಟಾಗಿ ಮಡಚಿ
ರಬ್ಬರು ಹಾಕಿ ಕೊಟ್ಟ: 'ನಿಧಾನ ಹೋಗಿ.'

ಕಾಳಿ ಸೇತುವೆಯ ಮೇಲೆ ಗಾಳಿ.
ಪಕ್ಕದಲ್ಲಿ, ಹಳೇ ಸೇತುವೆ ಕುಸಿದ ಜಾಗದಲ್ಲಿ,
ನೀರು ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು.
'ಅದರ ಮೇಲೂ ಎಲ್ಲರಿಗೂ ನಂಬಿಕೆ ಇತ್ತು ಮಾರಾಯ' ಎಂದೆ.

ಸಂಕೇತ ಮಾತಾಡಲಿಲ್ಲ.
ಸ್ಕೂಟಿ ಸ್ವಲ್ಪ ನಿಧಾನವಾಯಿತು, ಅಷ್ಟೇ.